ಬಲೆ ತುಂಬಾ ಚಿಟ್ಟೆ, ಸುಳಿ ತುಂಬಾ ಹುಳ: ಇದು ಹೇಗೆ?

ಪ್ರಶ್ನೆ: ಮೆಕ್ಕೆಜೋಳಕ್ಕೆ ಎಕರೆಗೆ ಐದರಂತೆ ಮೋಹಕ ಬಲೆ ಕಟ್ಟಿದ್ದೇನೆ. ದಿನಾ ಬೆಳಿಗ್ಗೆ ಚಿಟ್ಟೆ ಬಿದ್ದಿರುತ್ತವೆ. ಆದರೂ ಸುಳಿಯಲ್ಲಿ ಲದ್ದಿ ಹುಳು ಕಡಿಮೆಯಾಗಿಲ್ಲ. ಬಲೆ ಡೂಪ್ಲಿಕೇಟ್ ಇರಬಹುದಾ? (ಭರಮಸಾಗರ ಕಡೆಯ ರೈತರೊಬ್ಬರು)

ಉತ್ತರ: ಮುಂಗಾರು ಬಿತ್ತನೆಯಾಗಿ ಇಪ್ಪತ್ತು ದಿನ ಕಳೆದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ಜಗಳೂರಿನಿಂದ ಬರುತ್ತದೆ, ಹೊಳಲ್ಕೆರೆಯಿಂದ ಬರುತ್ತದೆ. ಹೋದ ವರ್ಷ ಕೇಳಿದವರೇ ಈ ವರ್ಷವೂ ಕೇಳುತ್ತಾರೆ. ಸುಳಿ ತಿನ್ನುವ ಈ ಲದ್ದಿ ಹುಳು ಅಂದರೆ ಫಾಲ್ ಸೈನಿಕ ಹುಳು, ಅದು ಬೆಳೆದು ಆಗುವುದೇ ಬಲೆಗೆ ಬೀಳುವ ಚಿಟ್ಟೆ. ನಿಮ್ಮ ಬಲೆ ಸರಿಯಾಗಿಯೇ ಇದೆ ಸ್ವಾಮಿ. ನಾವು ಅದಕ್ಕೆ ಹಚ್ಚಿದ ಕೆಲಸ ತಪ್ಪು.

ನಾಳೆ ಬೆಳಿಗ್ಗೆ ಒಂದು ಕೆಲಸ ಮಾಡಿ. ಬಲೆಯ ಚೀಲ ಬಿಚ್ಚಿ ಹಳೇ ಪೇಪರ್ ಮೇಲೆ ಸುರಿಯಿರಿ. ರೆಕ್ಕೆ ಇನ್ನೂ ಉದುರದ ಒಂದನ್ನು ಎತ್ತಿಕೊಳ್ಳಿ. ಮುಂದಿನ ರೆಕ್ಕೆಯ ತುದಿಯಲ್ಲಿ ಬಿಳಿ ಮಚ್ಚೆ, ನಡುವೆ ಓರೆಯಾಗಿ ಒಂದು ತಿಳಿ ಕಂದು ಗುರುತು ಕಾಣುತ್ತದೆ. ಅದು ಗಂಡು. ಇನ್ನೊಂದು ಎತ್ತಿ, ಅದೂ ಗಂಡು. ಹೆಣ್ಣಿಗೆ ಈ ಸೊಗಸೆಲ್ಲ ಇಲ್ಲ, ಬರೀ ಮಾಸಲು ಬೂದು. ಹುಡುಕಿದರೂ ನಿಮಗೆ ಸಿಗುವುದು ಕಷ್ಟ. ಯಾಕೆಂದರೆ ಬಲೆಯೊಳಗಿನ ಲ್ಯೂರ್‌ಗೆ, ಅಂದರೆ ಆ ರಬ್ಬರ್ ತುಂಡಿಗೆ, ಹಾಕಿರುವುದೇ ಹೆಣ್ಣಿನ ವಾಸನೆ. ರಾತ್ರಿ ಹೆಣ್ಣು ಗಿಡದ ಮೇಲೆ ಕೂತು ಹೊಟ್ಟೆಯ ತುದಿಯಿಂದ ವಾಸನೆ ಬಿಡುತ್ತದೆ. ಗಂಡು ಗಾಳಿಗೆ ಎದುರಾಗಿ ಅದನ್ನು ಹುಡುಕಿಕೊಂಡು ಹಾರುತ್ತದೆ. ಹೆಣ್ಣು ಯಾಕೆ ಇನ್ನೊಂದು ಹೆಣ್ಣನ್ನು ಹುಡುಕಿಕೊಂಡು ಬರಬೇಕು?

ಇಲ್ಲಿಗೆ ಬಂದ ಕೂಡಲೇ ಎಲ್ಲರೂ ಒಂದೇ ಮಾತು ಎತ್ತುತ್ತಾರೆ: "ಗಂಡೇ ಸತ್ತರೆ ಹೆಣ್ಣು ಮೊಟ್ಟೆ ಇಡೋದು ಎಲ್ಲಿಂದ?" ಈ ನಂಬಿಕೆಗೆ ಏಳು ಜನ್ಮದ ಆಯುಸ್ಸಿದೆ. ಎಷ್ಟು ಸಲ ಹೇಳಿದರೂ ಸಾಯುವುದಿಲ್ಲ.

ಚಳ್ಳಕೆರೆ ಕಡೆಯ ಕುರಿ ಮಂದೆ ನೋಡಿದ್ದೀರಲ್ಲ. ಇಪ್ಪತ್ತೈದು ಮೂವತ್ತು ಕುರಿಗೆ ಒಂದು ಟಗರು ಸಾಕು. ಮಂದೆಯಲ್ಲಿ ಹತ್ತು ಟಗರಿದ್ದು, ಒಂಬತ್ತನ್ನು ಸಂತೆಗೆ ಹೊಡೆದರೆ ಮುಂದಿನ ಸಲ ಮರಿ ಕಡಿಮೆಯಾಗುತ್ತಾ? ಕುರಿ ಕಾಯುವ ಹುಡುಗನನ್ನು ಕೇಳಿ, ನಗುತ್ತಾನೆ. ಚಿಟ್ಟೆ ಲೆಕ್ಕವೂ ಅದೇ. ಒಂದು ಗಂಡು ಒಂದು ಹೆಣ್ಣಿಗೆ ನಿಲ್ಲುವುದಿಲ್ಲ, ಬದುಕಿರುವಷ್ಟು ದಿನ ಬೇರೆ ಬೇರೆ ರಾತ್ರಿ ಬೇರೆ ಬೇರೆ ಹೆಣ್ಣನ್ನು ಕೂಡುತ್ತದೆ. ಹೊಲದಲ್ಲಿ ನೂರು ಗಂಡು, ನೂರು ಹೆಣ್ಣು ಇವೆ ಅಂದುಕೊಳ್ಳಿ. ನಿಮ್ಮ ಬಲೆ ಐವತ್ತು ಗಂಡನ್ನು ಹಿಡಿಯಿತು. ಉಳಿದ ಐವತ್ತಕ್ಕೆ ನೂರು ಹೆಣ್ಣನ್ನು ಮುಗಿಸಲು ಎರಡು ಮೂರು ರಾತ್ರಿ ಜಾಸ್ತಿ ಬೇಕಾಗಬಹುದು, ಅಷ್ಟೇ. ಹೆಣ್ಣಿಗೆ ಒಮ್ಮೆ ಕೂಡಿದರೂ ಹಲವು ರಾತ್ರಿ ಮೊಟ್ಟೆ ಇಡುವಷ್ಟು ಸಿಕ್ಕಿರುತ್ತದೆ. ಹಾಗೆ ಇಡೀ ಬದುಕಿಗೆ ಸಾವಿರ, ಸಾವಿರದೈನೂರು ಮೊಟ್ಟೆ.

ಇನ್ನೊಂದು ತಮಾಷೆ ಇದೆ. ಹೊಲದಲ್ಲಿ ನಿಜವಾದ ಹೆಣ್ಣು ಜಾಸ್ತಿಯಾದಾಗ ಬಲೆಗೆ ಬೀಳುವ ಗಂಡು ಕಡಿಮೆಯಾಗಬಹುದು. ಪಕ್ಕದಲ್ಲೇ ಹೆಣ್ಣಿರುವಾಗ ರಬ್ಬರ್ ತುಂಡಿನ ವಾಸನೆ ಯಾರಿಗೆ ಬೇಕು? ಆಗ "ಬಲೆ ಖಾಲಿ, ಹುಳ ಹೋಯ್ತು" ಅಂತ ನೀವು ಮನೆಗೆ ಹೋಗಿ ಮಲಗುತ್ತೀರಿ.

ಎಕರೆಗೆ 15 ಬಲೆ ಹಾಕಿ ಗಂಡುಗಳನ್ನು ಸಾಮೂಹಿಕವಾಗಿ ಹಿಡಿಯಿರಿ ಎಂಬ ಸಲಹೆಯೂ ಇದೆ, ಇಲ್ಲ ಅನ್ನುವುದಿಲ್ಲ. ಅದು ಸುತ್ತಲಿನ ಹೊಲದವರೆಲ್ಲ ಒಟ್ಟಿಗೆ ಕಟ್ಟಿದಾಗಿನ ಮಾತು. ನೀವೊಬ್ಬರೇ ಐದು ಕಟ್ಟಿದರೆ ಅದು ಎಣಿಸುವ ಬಲೆ. ಚಿಟ್ಟೆ ಬೀಳಲು ಶುರುವಾಯಿತು ಅಂದರೆ ಹೊಲಕ್ಕಿಳಿದು ಎಲೆ ಮಗುಚಿ ನೋಡಿ ಎಂದರ್ಥ. ಎಲೆಯ ಮೇಲೆ ಬೂದು ರೋಮ ಹೊದ್ದ, ಬೂಸ್ಟು ಹಿಡಿದಂಥ ಮೊಟ್ಟೆ ಗುಂಪು ಕಾಣುತ್ತದೆ. ಒಂದು ಗುಂಪಲ್ಲಿ ನೂರು, ಇನ್ನೂರು. ಬೆರಳಲ್ಲಿ ಅದನ್ನು ಹೊಸಕಿದರೆ ಒಂದು ವಾರದ ಬಲೆಗಿಂತ ದೊಡ್ಡ ಕೆಲಸ ಆಯಿತು. ಎರಡು ಮೂರು ದಿನಕ್ಕೇ ಮರಿ ಹೊರಬರುತ್ತವೆ, ತಡ ಮಾಡಬೇಡಿ. ಬೇರೆ ಬೇರೆ ಕಡೆ ನೂರು ಗಿಡ ನೋಡಿ, ಐದರಲ್ಲಿ ಹೊಸ ಹಾನಿ ಕಂಡರೆ ಔಷಧಿಯ ಮಾತಾಡೋಣ. ಔಷಧಿ ಸುಳಿಗೆ ಬೀಳಬೇಕು, ಸಂಜೆ ಹೊತ್ತು.

ಯಾರೂ ಕೇಳದ, ಆದರೆ ನನಗೆ ಬಹಳ ಇಷ್ಟವಾದ ಪ್ರಶ್ನೆ ಒಂದಿದೆ: ಬೇಸಿಗೆಯಲ್ಲಿ ಈ ಚಿಟ್ಟೆ ಎಲ್ಲಿಗೆ ಹೋಗುತ್ತದೆ? ಈ ಹುಳಕ್ಕೆ ದೀರ್ಘ ನಿದ್ದೆ ಗೊತ್ತಿಲ್ಲ. ಇದರ ತವರು ಅಮೆರಿಕ ಖಂಡ. ಅಲ್ಲಿ ಚಳಿಗಾಲದಲ್ಲಿ ಉತ್ತರದ ಕಡೆ ಎಲ್ಲ ಸತ್ತು, ಫ್ಲೋರಿಡಾ, ಟೆಕ್ಸಾಸ್‌ಗಳ ದಕ್ಷಿಣದ ತುದಿಯಲ್ಲಿ ಮಾತ್ರ ಉಳಿಯುತ್ತದೆ. ಪ್ರತಿ ವರ್ಷ ಅಲ್ಲಿಂದ ಹೊಸದಾಗಿ ಉತ್ತರಕ್ಕೆ ವಲಸೆ. ಗಾಳಿ ಸಿಕ್ಕರೆ ಒಂದೇ ರಾತ್ರಿ 100 ಕಿಲೋಮೀಟರ್. ಉತ್ತರ ಮುಟ್ಟುವ ಹೊತ್ತಿಗೆ ಎಲೆ ಉದುರುವ ಕಾಲ, ಅಲ್ಲಿನವರ ಮಾತಲ್ಲಿ 'ಫಾಲ್'. ಅದಕ್ಕೇ ಅವರು 'ಫಾಲ್' ಸೈನಿಕ ಹುಳು ಅಂದರು. ಮೇಲಿಂದ ಬೀಳುತ್ತದೆ ಅಂತಲ್ಲ! 2016ರಲ್ಲಿ ಆಫ್ರಿಕಾದಲ್ಲಿ ಕಂಡಿತು. 2018ರ ಮೇನಲ್ಲಿ ನಮ್ಮ ಪಕ್ಕದ ಶಿವಮೊಗ್ಗದಲ್ಲಿ, ಭಾರತದಲ್ಲೇ ಮೊದಲು. 2019ಕ್ಕೆ ಚೀನಾ, 2020ಕ್ಕೆ ಆಸ್ಟ್ರೇಲಿಯಾ.

ನಮ್ಮಲ್ಲಿ ಅದನ್ನು ಕೊಲ್ಲುವಂಥ ಚಳಿ ಎಲ್ಲಿದೆ? ಭದ್ರಾ ನಾಲೆ ಪಕ್ಕ ಬೇಸಿಗೆ ಮೆಕ್ಕೆಜೋಳ, ಬೋರ್‌ವೆಲ್ ಕೆಳಗೆ ದನಕ್ಕೆ ಹಾಕಿದ ಹಸಿ ಮೇವು, ಎಲ್ಲೋ ಒಂದಿಷ್ಟು ಜೋಳ. ಸೆಕೆಯಲ್ಲಿ ತಿಂಗಳಿಗೊಂದು ತಲೆಮಾರು ಅಲ್ಲೇ ಮುಗಿಯುತ್ತದೆ. ನಿಮ್ಮ ಹೊಲದಲ್ಲಿ ಮೊದಲ ಮೊಳಕೆ ಏಳುವಾಗ ಹೊರಗಿನಿಂದ ಹೆಣ್ಣು ಹಾರಿ ಬರುತ್ತದೆ, ಕೆಲವು ಆಗಲೇ ಕೂಡಿಕೊಂಡೇ ಬಂದಿರುತ್ತವೆ. ಅಂಥವಕ್ಕೆ ನಿಮ್ಮ ಹೊಲದ ಗಂಡು ಇದ್ದರೆಷ್ಟು, ಬಿಟ್ಟರೆಷ್ಟು.

ಅಂದಹಾಗೆ ಲ್ಯೂರ್ ಪ್ಯಾಕೆಟ್ ಮೇಲಿನ ಹೆಸರು ಓದಿ. ಹೋದ ವರ್ಷ ಒಬ್ಬರು ಹತ್ತಿಯ ಗುಲಾಬಿ ಕಾಯಿಕೊರಕದ ಲ್ಯೂರ್ ಅನ್ನು ಮೆಕ್ಕೆಜೋಳದಲ್ಲಿ ಕಟ್ಟಿ, ಒಂದೂ ಬಿದ್ದಿಲ್ಲ, ನಮ್ಮ ಹೊಲ ಕ್ಲೀನ್ ಅಂತ ಫೋನ್ ಮಾಡಿದ್ದರು.