ಬ್ಯಾಂಕ್ ಬ್ಲಾಕ್ ಮಾಡೈತಿ, ಗೇಮಿಗೆ ರೊಕ್ಕ ಹಾಕಾಕ ಬ್ಯಾರೆ ದಾರಿ ಐತೇನ್ರಿ?

ಗಂಗಾವತಿಯಿಂದ ಒಬ್ರು ಕೇಳ್ಯಾರ: "ಅಣ್ಣಾ, ರಮ್ಮಿಗೆ ಯುಪಿಐ ಹೋಗವಲ್ದು, ಕಾರ್ಡೂ ಡಿಕ್ಲೈನ್ ಆಗಾಕತ್ತೈತಿ. ಟೆಲಿಗ್ರಾಮ್‌ನ್ಯಾಗ ಒಬ್ಬ ಏಜೆಂಟ್ ಸಿಕ್ಕಾನ, ಅವನ ಕಡೆ ಹಾಕಿದ್ರ ನಡೀತೈತೇನು?"

ನಡಿಯಂಗಿಲ್ರಿ. ಕಾನೂನಿನ ಒಳಗಿನ ದಾರಿ ಒಂದೂ ಉಳಿದಿಲ್ಲ. 2025ರ ಆಗಸ್ಟ್ 22ಕ್ಕ ರಾಷ್ಟ್ರಪತಿ ಅಂಕಿತ ಬಿದ್ದ ಆನ್‌ಲೈನ್ ಗೇಮಿಂಗ್ ಕಾಯ್ದೆ ರೊಕ್ಕ ಕಟ್ಟಿ ಆಡೋ ಆಟ ನಿಷೇಧ ಮಾಡೈತಿ, ಬ್ಯಾಂಕು, ಪೇಮೆಂಟ್ ಆ್ಯಪ್ ಅದಕ್ಕ ರೊಕ್ಕ ದಾಟಿಸಬಾರ್ದು ಅಂತೈತಿ, ದಾಟಿಸಿದ್ರ 3 ವರ್ಷದ ತನಕ ಜೈಲು, 1 ಕೋಟಿ ತನಕ ದಂಡ. ರಮ್ಮಿ ಬುದ್ಧಿ ಆಟ ಅಲ್ಲೇನ್ರಿ, 2022ರಾಗ ಹೈಕೋರ್ಟ್ ನಮ್ಮ ರಾಜ್ಯದ ನಿಷೇಧ ತಗದ್ಹಾಕಿತ್ತಲ್ಲ ಅಂತ ಭಾಳ ಮಂದಿ ಕೇಳ್ತಾರ. ಅದು ರಾಜ್ಯದ ಕಾನೂನು, ಇದು ಕೇಂದ್ರದ್ದು, ಇದರಾಗ ಬುದ್ಧಿ ಆಟ, ಅದೃಷ್ಟದ ಆಟ ಅನ್ನೋ ಭೇದನ ಇಲ್ಲ. ಆಡೋರಿಗೆ ಈ ಕಾಯ್ದೆ ಶಿಕ್ಷೆ ಇಟ್ಟಿಲ್ಲ, ಅದೂ ಖರೆ.

ಇನ್ನ ಏಜೆಂಟ್ ಮಾತಿಗೆ ಬರೋಣ, ನನಗ ಹೊಟ್ಟ್ಯಾಗ ಸಂಕಟ ಆಗೋದು ಇಲ್ಲೇ. ನಮ್ಮ ಓಣಿ ಹುಡುಗ, ರೈಸ್ ಮಿಲ್‌ನ್ಯಾಗ ಕೆಲಸ, ಫೋನ್ ಹಿಡ್ಕೊಂಡು ಬಂದಿದ್ದ, ನೋಡಿದ್ರ ಏಜೆಂಟ್ ಒಂದೇ ದಿನಕ್ಕ ನಾಕು ಬ್ಯಾರೆ ಬ್ಯಾರೆ ಕ್ಯೂಆರ್ ಕಳ್ಸ್ಯಾನ, ಸ್ಕ್ಯಾನ್ ಮಾಡಿದ್ರ ಒಂದರಾಗ ಯಾವ್ದೋ ಸೀರಿ ಅಂಗಡಿ ಹೆಸರು, ಇನ್ನೊಂದರಾಗ ಹೆಣ್ಮಗಳ ಹೆಸರು. ಇವು ಬಾಡಿಗಿ ಅಕೌಂಟ್ರಿ, ಬಡವರ ಕಡೆ ಒಂದೆರಡು ಸಾವಿರ ಕೊಟ್ಟು ಪಾಸ್‌ಬುಕ್, ಸಿಮ್ ಇಸ್ಕೊಂಡಿರ್ತಾರ. ಹುಡುಗ ಹಾಕಿದ್ದು ಹೋತು, ಆದ್ರ ಅವನ್ನ ಕೆಡಿಸಿದ್ದು ಹೋದ ರೊಕ್ಕ ಅಲ್ಲ, ಗೆದ್ದೆ ಅಂತ ಬಂದ 4,000 ರೂಪಾಯಿ. ಅದು ಎಲ್ಲೋ ಮೋಸ ಹೋದ ಯಾರದ್ದೋ ರೊಕ್ಕ, ಅವರು ಸೈಬರ್ ಮೋಸದ ಸಹಾಯವಾಣಿ 1930ಕ್ಕ ಕಂಪ್ಲೇಂಟ್ ಮಾಡ್ಯಾರ, ಪೊಲೀಸರು ರೊಕ್ಕದ ಜಾಡು ಹಿಡ್ಕೊಂಡು ಅಕೌಂಟ್ ಮ್ಯಾಲ ಅಕೌಂಟ್ ತಡದು ಕೊನಿಗೆ ಇವನದ್ದಕ್ಕೂ ಬಂದ್ರು, ಪಗಾರ ಬಿದ್ದಿದ್ದೂ ತಗ್ಯಾಕ ಬರದಂಗ ಆತು. ಅವರವ್ವ ರೇಷನ್‌ಗೆ ಅಂತ ನನ್ನ ಕಡೆ ಕೈಗಡ ಕೇಳಾಕ ಬಂದಾಗನ ನನಗ ಗೊತ್ತಾಗಿದ್ದು.

ಕ್ರಿಪ್ಟೋ ದಾರಿನೂ ಹಂಗ, ಅಲ್ಲೂ ಗುರ್ತಿಲ್ಲದವರ ಕಡೆನ ಕೊಳ್ಳೋದು ಮಾರೋದು, ಮಾರಿದಾಗ ಬರೋ ರೊಕ್ಕ ಯಾರ ಅಕೌಂಟಿಂದು ಅಂತ ನಿಮಗ ತಿಳಿಯಂಗಿಲ್ಲ.

ಹಳೇ ಆ್ಯಪ್‌ನ್ಯಾಗ ಬ್ಯಾಲೆನ್ಸ್ ಉಳದಿದ್ರ ಅದೇ ಆ್ಯಪ್‌ನಿಂದ ನಿಮ್ಮ ಹೆಸರಿನ ಕೆವೈಸಿ ಆದ ಅಕೌಂಟಿಗೆ ತಗೊಳ್ರಿ. ವಿತ್‌ಡ್ರಾ ಮಾಡಾಕ ಮೊದ್ಲು ಟ್ಯಾಕ್ಸ್ ಕಟ್ಟು ಅಂದ್ರ ಒಂದು ಪೈಸಾನೂ ಕೊಡಬ್ಯಾಡ್ರಿ, ಗೆದ್ದಿದ್ದರ ಮ್ಯಾಲಿನ 30% ಟಿಡಿಎಸ್ ಕಂಪನಿನ ಮುರ್ಕೊಂಡು ಕೊಡಬೇಕು, ನಿಮ್ಮ ಕೈಯಿಂದ ಬ್ಯಾರೆ ಕಟ್ಟಿಸ್ಕೊಳ್ಳೋ ಪದ್ಧತಿ ಇಲ್ಲ.

ಅಕೌಂಟ್ ಆಗ್ಲೇ ಫ್ರೀಜ್ ಆಗಿದ್ರ ಬ್ಯಾಂಕಿನವರ ಜೋಡಿ ಜಗಳ ಆಡಬ್ಯಾಡ್ರಿ, ಅವರ ಕೈಯಾಗ ಇಲ್ಲ. ಯಾವ ಊರಿನ ಠಾಣೆ, ಕಂಪ್ಲೇಂಟ್ ನಂಬರ್ ಏನು, ಎಷ್ಟು ರೊಕ್ಕಕ್ಕ ತಡೆ, ಇಷ್ಟು ಬರಸ್ಕೊಳ್ರಿ, ಸ್ಟೇಟ್‌ಮೆಂಟ್, ಚಾಟ್ ಎಲ್ಲಾ ಪ್ರಿಂಟ್ ತಗೊಂಡು ನಿಮ್ಮ ಜಿಲ್ಲಾದ ಸಿಇಎನ್ ಠಾಣೆಗೆ (ಸೈಬರ್ ಅಪರಾಧ ನೋಡೋ ಪೊಲೀಸ್ ಠಾಣೆ) ಹೋಗ್ರಿ. ಚಾಟ್ ಮಾತ್ರ ಅಳಿಸಬ್ಯಾಡ್ರಿ, ನಾಚಿಕಿಗೆ ಆ ಹುಡುಗ ಅರ್ಧ ಅಳಿಸಿದ್ದ, ಅದಕ್ಕ ಭಾಳ ತ್ರಾಸಾತು.

ಬ್ಲಾಕ್ ಆದ್ರೂ ಕೈ ಕಡಿಯಾಕತ್ತೈತಿ, ರಾತ್ರಿ ನಿದ್ದಿ ಬರವಲ್ದು ಅನ್ನೋರು 14416ಕ್ಕ ಫೋನ್ ಹಚ್ರಿ, ಟೆಲಿಮಾನಸ್ ಅಂತ ಮನಸ್ಸಿನ ಆರೋಗ್ಯದ ಸಹಾಯವಾಣಿ, ಸರ್ಕಾರದ್ದು, ಪುಕ್ಕಟೆ, ಕನ್ನಡದಾಗ ಮಾತಾಡ್ತಾರ.

ಪ್ರಶ್ನೆ ಕೇಳಿದ ತಮ್ಮಗ ಒಂದು ಮಾತು: ಆ ಏಜೆಂಟ್‌ಗೆ ಆಧಾರ್ ಫೋಟೋನೋ ಒಟಿಪಿನೋ ಆಗ್ಲೇ ಕಳಿಸಿದ್ದರ ನಾಳೆ ಅನಬ್ಯಾಡ, ಇವತ್ತ ಬ್ಯಾಂಕಿಗೆ ಹೋಗಿ ನಿನ್ನ ಹೆಸರಿನ್ಯಾಗ ಬ್ಯಾರೆ ಯಾವ ಅಕೌಂಟ್ ಐತಿ ಅಂತ ವಿಚಾರಿಸಪಾ.