ಟಿಚ್ ಬಟನ್ ಬಿಚ್ಚಿದ್ದು ಯಾರು?

ಬಾಯಿಹುಣ್ಣಾದರೆ ನಮ್ಮಲ್ಲಿ ಮೊದಲ ತೀರ್ಪು 'ಉಷ್ಣ ಜಾಸ್ತಿಯಾಗಿದೆ'. ಎಳನೀರು, ಮಜ್ಜಿಗೆ, ಬಿ-ಕಾಂಪ್ಲೆಕ್ಸ್ ಮಾತ್ರೆ ಎಲ್ಲ ಆಗುತ್ತದೆ. ಸಾಮಾನ್ಯ ಹುಣ್ಣು ಹತ್ತು ಹದಿನೈದು ದಿನದಲ್ಲಿ ಮಾಯುತ್ತದೆ. ಮಾಯದಿದ್ದರೆ ಫಂಗಸ್ ಇರಬಹುದೆಂದು ಒಂದು ಮುಲಾಮು, ಹರ್ಪಿಸ್ ಎಂಬ ವೈರಸ್ ಇರಬಹುದೆಂದು ಒಂದು ಮಾತ್ರೆ. ಹೀಗೇ ತಿಂಗಳುಗಳು ಕಳೆದ ಮೇಲೆ ಎದೆ, ಬೆನ್ನಿನ ಮೇಲೆ ನೀರುಗುಳ್ಳೆ ಏಳುತ್ತವೆ. ಸರ್ಪಸುತ್ತು ಎಂದು ಕೆಮ್ಮಣ್ಣು ಹಚ್ಚಲು ಹೇಳುವವರೂ ಇದ್ದಾರೆ. ಆದರೆ ಸರ್ಪಸುತ್ತು ಸಾಮಾನ್ಯವಾಗಿ ಒಂದು ನರದ ಜಾಡು ಹಿಡಿದು ಮೈಯ ಒಂದೇ ಪಕ್ಕದಲ್ಲಿ ಬರುತ್ತದೆ. ಇದು ಎರಡೂ ಕಡೆ ಹರಡುತ್ತದೆ.

ಇದರ ಹೆಸರು ಪೆಂಫಿಗಸ್ ವಲ್ಗ್ಯಾರಿಸ್. ಇದಕ್ಕೆ ಯಾವ ರೋಗಾಣುವೂ ಕಾರಣವಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ರೋಗಿಯ ತಟ್ಟೆ, ಟವೆಲ್ ಬೇರೆ ಇಡುವುದರಿಂದ ಅವರ ಮನಸ್ಸಿಗೆ ನೋವಾಗುತ್ತದೆ ಅಷ್ಟೇ.

ಚರ್ಮದ ಮೇಲ್ಪದರದ ಜೀವಕೋಶಗಳು ಒಂದಕ್ಕೊಂದು ಟಿಚ್ ಬಟನ್ ಹಾಕಿದ ಹಾಗೆ ಕೂಡಿಕೊಂಡಿರುತ್ತವೆ. ಆ ಬಟನ್‌ನಲ್ಲಿರುವ ಮುಖ್ಯ ಪ್ರೋಟೀನು ಡೆಸ್ಮೋಗ್ಲೈನ್. ಪೆಂಫಿಗಸ್ ಬಂದವರ ರಕ್ತದಲ್ಲಿ ಇದರ ವಿರುದ್ಧವೇ ಪ್ರತಿಕಾಯಗಳು ತಯಾರಾಗುತ್ತವೆ. ರೋಗಾಣುವನ್ನು ಹಿಡಿಯಬೇಕಾದ ಕಾವಲುಗಾರ ಮನೆಯ ಬಾಗಿಲನ್ನೇ ಕಿತ್ತ ಹಾಗೆ. ಬಟನ್ ಬಿಚ್ಚುತ್ತದೆ, ಸಂದಿಯಲ್ಲಿ ನೀರು ತುಂಬುತ್ತದೆ, ಗುಳ್ಳೆ ಏಳುತ್ತದೆ.

ಇದೇ ಥರ ಗುಳ್ಳೆ ಏಳಿಸುವ ಇನ್ನೊಂದು ಚರ್ಮರೋಗವಿದೆ, ಮಕ್ಕಳಲ್ಲಿ ಬರುವ ಗುಳ್ಳೆಯ ಇಂಪೆಟಿಗೊ. ಅದು ಮಾತ್ರ ನಿಜವಾದ ಸೋಂಕು, ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾದ ಕೆಲಸ. 2000ರಲ್ಲಿ ಜಪಾನಿನ ಮಸಯುಕಿ ಅಮಗಾಯ್ ಮತ್ತು ಸಂಗಡಿಗರು ಈ ಬ್ಯಾಕ್ಟೀರಿಯಾದ ವಿಷ ಏನು ಮಾಡುತ್ತದೆಂದು ಪತ್ತೆ ಮಾಡಿದರು. ಅದು ಕತ್ತರಿಸುವುದು ಡೆಸ್ಮೋಗ್ಲೈನ್‌ನ ಒಂದು ಬಗೆಯಾದ ಡೆಸ್ಮೋಗ್ಲೈನ್ 1 ಅನ್ನು. ಪೆಂಫಿಗಸ್‌ನ ಇನ್ನೊಂದು ಬಗೆಯಾದ ಫೋಲಿಯೇಶಿಯಸ್‌ನಲ್ಲಿ ಪ್ರತಿಕಾಯಗಳು ಹಿಡಿಯುವುದೂ ಇದನ್ನೇ! ಒಂದು ಕಡೆ ಕಳ್ಳ, ಇನ್ನೊಂದು ಕಡೆ ಮನೆಯವನೇ. ಬಿಚ್ಚಿದ ಬಟನ್ ಒಂದೇ ಆದ ಮೇಲೆ ಗುಳ್ಳೆಗಳು ಒಂದೇ ಥರ ಕಂಡರೆ ಆಶ್ಚರ್ಯವೇನಿದೆ, ಅಲ್ವಾ? ಬರಿಗಣ್ಣಿಗೆ ಮೋಸವಾದರೆ ವೈದ್ಯರನ್ನು ಬೈಯುವ ಹಾಗೂ ಇಲ್ಲ.

ಗೊಂದಲ ಅಷ್ಟಕ್ಕೇ ಮುಗಿಯುವುದಿಲ್ಲ. ಪೆಂಫಿಗಸ್ ಗುಳ್ಳೆ ಒಡೆದ ಜಾಗ ಹಸಿಯಾಗಿರುತ್ತದೆ, ಅಲ್ಲಿ ಬ್ಯಾಕ್ಟೀರಿಯಾ ಬಂದು ಕೂರುತ್ತದೆ. ಕೀವು ಪರೀಕ್ಷೆಗೆ ಕಳಿಸಿದರೆ 'ಸೋಂಕು ಇದೆ' ಎಂದೇ ವರದಿ. ಆಂಟಿಬಯಾಟಿಕ್ ಕೊಟ್ಟರೆ ಸ್ವಲ್ಪ ವಾಸಿ ಅನ್ನಿಸುತ್ತದೆ, ಆಮೇಲೆ ಹೊಸ ಗುಳ್ಳೆ. ಸ್ಟೀರಾಯ್ಡ್ ಮುಲಾಮಿನ ಕಥೆ ಉಲ್ಟಾ. ಹುಳುಕಡ್ಡಿಗೆ ಹಚ್ಚಿದರೂ ಮೊದಲು ಕೆಂಪು, ಕಡಿತ ಇಳಿಯುತ್ತದೆ. ಒಳಗೊಳಗೇ ಫಂಗಸ್ ಹರಡುತ್ತಿರುತ್ತದೆ. ಹಾಗಾಗಿ ಔಷಧಿಗೆ ಬಗ್ಗಿತೆಂದು ರೋಗಕ್ಕೆ ಹೆಸರಿಡುವುದು ನನಗಂತೂ ಸರಿ ಕಾಣುವುದಿಲ್ಲ.

ಹಳೆಯದಾದರೂ ಇಂದಿಗೂ ಕೈಹಿಡಿಯುವ ಪರೀಕ್ಷೆಯೊಂದಿದೆ. 1947ರಲ್ಲಿ ಫ್ರಾನ್ಸಿನ ವೈದ್ಯ ಅರ್ನೋ ತ್ಸಾಂಕ್ ಹೇಳಿಕೊಟ್ಟದ್ದು. ಹೊಸ ಗುಳ್ಳೆಯ ತಳವನ್ನು ಮೆಲ್ಲಗೆ ಕೆರೆದು, ಗಾಜಿನ ಪಟ್ಟಿಗೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವುದು. ಖರ್ಚು ಕಡಿಮೆ, ಸಮಯವೂ ಕಡಿಮೆ. ಹರ್ಪಿಸ್ ಆದರೆ ಹಲವು ಕೋಶಕೇಂದ್ರಗಳಿರುವ ದೊಡ್ಡ ದೊಡ್ಡ ಕೋಶಗಳು ಕಾಣುತ್ತವೆ. ಪೆಂಫಿಗಸ್ ಆದರೆ ಜೊತೆ ಬಿಟ್ಟು ದುಂಡಗಾದ ಒಂಟಿ ಕೋಶಗಳು.

ಕೊನೆಯ ಮಾತು ಬಯಾಪ್ಸಿಯದು, ಅಂದರೆ ಚರ್ಮದ ಚೂರು ತೆಗೆದು ನೋಡುವ ಪರೀಕ್ಷೆಯದು. ಎರಡು ಚೂರು ಬೇಕು. ಒಂದು ಹೊಸ ಗುಳ್ಳೆಯ ಅಂಚಿನಿಂದ, ಅದು ಕೆಡದಂತೆ ಇಡುವ ಫಾರ್ಮಲಿನ್ ದ್ರಾವಣಕ್ಕೆ ಹೋಗುತ್ತದೆ. ಇನ್ನೊಂದನ್ನು ಗುಳ್ಳೆಯ ಪಕ್ಕದ, ಏನೂ ಆಗದಂತೆ ಕಾಣುವ ಚರ್ಮದಿಂದ ತೆಗೆಯುತ್ತಾರೆ, ಏಕೆಂದರೆ ಗುಳ್ಳೆಯಿದ್ದಲ್ಲಿ ಪ್ರತಿಕಾಯಗಳ ಗುರುತು ಅಳಿಸಿಹೋಗಿರಬಹುದು. ಈ ಎರಡನೆಯ ಚೂರನ್ನು ಮರೆತು ಫಾರ್ಮಲಿನ್‌ಗೆ ಹಾಕಿದರೆ ಪರೀಕ್ಷೆ ಕೆಟ್ಟಂತೆ. ಅದಕ್ಕೆಂದೇ ಬೇರೆ ದ್ರಾವಣವಿದೆ. ಪ್ರಯೋಗಾಲಯದಲ್ಲಿ ಅದಕ್ಕೆ ಹೊಳೆಯುವ ಬಣ್ಣ ಹಾಕಿ ಕತ್ತಲ ಕೋಣೆಯಲ್ಲಿ ನೋಡುತ್ತಾರೆ. ಪೆಂಫಿಗಸ್ ಇದ್ದರೆ ಪ್ರತಿ ಕೋಶದ ಸುತ್ತ ಹಸಿರು ಗೆರೆ ಮೂಡಿ, ಇಡೀ ಚರ್ಮ ಮೀನಿನ ಬಲೆಯ ಹಾಗೆ ಹೊಳೆಯುತ್ತದೆ. ಇಂಪೆಟಿಗೊ ಆದರೆ ಆ ಬಲೆ ಕಾಣುವುದಿಲ್ಲ.