ಕಂಚಿನ ಶಿಲ್ಪದ ಚೀಟಿಯಲ್ಲಿ 3/8: ಎರಡು ಅಚ್ಚುಗಳ ಟಿಪ್ಪಣಿ

ಶಿರಸಿಯಲ್ಲಿ ಈ ಬೇಸಿಗೆಯ ಕಲಾಪ್ರದರ್ಶನ ನೋಡಿ ಮನೆಗೆ ಬಂದ ಮೇಲೂ ಒಂದು ಚೀಟಿ ತಲೆಯಿಂದ ಇಳಿಯಲಿಲ್ಲ: 'ಕಂಚು, 3/8'. ಎಂಟರಲ್ಲಿ ಮೂರನೆಯದು, ಸರಿ. ಹಾಗಾದರೆ ಮೂಲ ಯಾವುದು, ನಕಲು ಯಾವುದು? ಎರಡು ದಿನ ಒದ್ದಾಡಿ ತಿಳಿದುಕೊಂಡದ್ದನ್ನು ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ.

ಶಿಲ್ಪಗಳು

ಗುಡಿಗಾರರ ಕೆತ್ತನೆ ನೋಡಿ ಬೆಳೆದ ನಮಗೆ ಒಂದು ಮರದ ತುಂಡಿಗೆ ಒಂದೇ ಮೂರ್ತಿ. ಎರಕದ ಬಗ್ಗೆಯೂ ನಾನು ಹಾಗೆಯೇ ಅಂದುಕೊಂಡಿದ್ದೆ. ಅದಕ್ಕೆ ಕಾರಣವಿದೆ. 12ನೇ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಬರುವ ವಿಧಾನವನ್ನೇ ನಾನು ಮೊದಲು ಓದಿದ್ದು: ಮೇಣದಲ್ಲಿ ಮೂರ್ತಿ ಮಾಡಿ, ಮಣ್ಣು ಮೆತ್ತಿ, ಕಾಯಿಸಿ ಮೇಣವನ್ನು ಹೊರಹರಿಸಿ, ಆ ಟೊಳ್ಳಿಗೆ ಲೋಹ ಹೊಯ್ದು, ಕೊನೆಗೆ ಮಣ್ಣು ಒಡೆಯುವುದು. ಮೇಣವೂ ಹೋಯಿತು, ಅಚ್ಚೂ ಹೋಯಿತು. ಎರಡನೆಯದು ಬರುವುದಾದರೂ ಎಲ್ಲಿಂದ?

ನಾನು ಎಡವಿದ್ದು ಇಲ್ಲಿಯೇ. ಇಂದಿನ ಸ್ಟುಡಿಯೋ ಎರಕದಲ್ಲಿ ಅಚ್ಚು ಎರಡು. ಕಲಾವಿದರು ಜೇಡಿಮಣ್ಣಿನಲ್ಲಿ ಮಾಡಿದ ಮೂರ್ತಿಯ ಮೇಲೆ ಮೊದಲು ರಬ್ಬರ್ ಅಚ್ಚು ತೆಗೆಯುತ್ತಾರೆ. ಅದರೊಳಗೆ ಕರಗಿದ ಮೇಣ ಬಳಿದರೆ ಟೊಳ್ಳಾದ ಮೇಣದ ಮೂರ್ತಿ ಬರುತ್ತದೆ. ಆ ಮೇಣಕ್ಕೆ ಬೆಂಕಿ ತಡೆಯುವ ಕವಚ ಕಟ್ಟುವುದು ಎರಡನೆಯ ಅಚ್ಚು. ಮೇಣ ಕರಗಿ ಹೋದ ಜಾಗಕ್ಕೆ ಸುಮಾರು 1100 ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕಾದ ಕಂಚು ಇಳಿಯುತ್ತದೆ. ಕವಚ ಒಡೆಯುತ್ತದೆ, ರಬ್ಬರ್ ಉಳಿಯುತ್ತದೆ.

ನನಗೆ ನೆನಪಿಗೆ ನಿಂತದ್ದು ಹೀಗೆ: ರಬ್ಬರ್ ಅಚ್ಚು ತೊಡದೇವಿನ (ಕಾದ ಮಡಕೆಯ ಮೇಲೆ ಹಿಟ್ಟು ಬಳಿದು ಮಾಡುವ ತೆಳು ಸಿಹಿ ತಿಂಡಿ) ಮಡಕೆ, ಒಂದು ಹಾಳೆ ಎಬ್ಬಿಸಿದರೆ ಇನ್ನೊಂದಕ್ಕೆ ಸಿದ್ಧ. ಬೆಂಕಿಯ ಕವಚ ತೆಂಗಿನಕಾಯಿಯ ಚಿಪ್ಪು, ಒಡೆಯದೆ ಒಳಗಿನದು ಸಿಗದು. ಎಂಟು ಕಂಚಿಗೆ ಎಂಟು ಮೇಣ, ಎಂಟು ಕವಚ, ರಬ್ಬರ್ ಮಾತ್ರ ಒಂದೇ. ಪ್ರತಿ ಮೇಣವನ್ನೂ ಕೈಯಿಂದ ತಿದ್ದಬೇಕು, ಪ್ರತಿ ಕಂಚನ್ನೂ ಉಜ್ಜಿ ನಯಗೊಳಿಸಿ ಬಣ್ಣಗಟ್ಟಿಸಬೇಕು. ಆದ್ದರಿಂದ ಎಂಟೂ ಮೂಲವೇ. ಮೂರನೆಯದು ಒಂದನೆಯದರ ನಕಲಲ್ಲ.

ಎಂಟೇ ಏಕೆ?

ಇದು ಫ್ರಾನ್ಸಿನ ಪದ್ಧತಿ: ಅಂಕಿ ಹಾಕಿದ 8, ಕಲಾವಿದರ ಪ್ರತಿಗಳು 4, ಒಟ್ಟು 12. ಮಿತಿ ಕಟ್ಟುವುದು ಮನುಷ್ಯರು, ಅಚ್ಚಲ್ಲ. ಅಚ್ಚು ಕಲಾವಿದರಿಗಿಂತ ಹೆಚ್ಚು ಬಾಳಬಹುದು. ಫ್ರಾನ್ಸಿನ ಶಿಲ್ಪಿ ರೋದಾಂ ತೀರಿಕೊಂಡದ್ದು 1917ರಲ್ಲಿ. ಅವರ 'ನರಕದ ದ್ವಾರ' ಕಂಚಿಗೆ ಇಳಿದದ್ದು ಆ ನಂತರವೇ. ಅದೇ ವರ್ಷ ತೀರಿಕೊಂಡ ಫ್ರಾನ್ಸಿನ ಕಲಾವಿದ ದೆಗಾ 1881ರಲ್ಲಿ ಪ್ರದರ್ಶಿಸಿದ 'ಪುಟ್ಟ ನರ್ತಕಿ' ಶಿಲ್ಪ ಮೇಣದ್ದು. ಈಗ ಮ್ಯೂಸಿಯಂಗಳಲ್ಲಿರುವ ಅವಳ ಕಂಚಿನ ಪ್ರತಿಗಳನ್ನು ಅವರು ನೋಡಲೇ ಇಲ್ಲ. ಇದನ್ನು ಓದಿದಾಗ ನನಗೆ ನಿಜಕ್ಕೂ ಸಂಕಟವಾಯಿತು.

ನಕಲನ್ನು ಹಿಡಿಯುವ ದಾರಿ ಅಳತೆ. ಲೋಹ ತಣಿಯುವಾಗ ಕುಗ್ಗುತ್ತದೆ. ಸಿದ್ಧ ಕಂಚಿನಿಂದಲೇ ಹೊಸ ಅಚ್ಚು ತೆಗೆದು ಹೊಯ್ದರೆ ಅದು ಇನ್ನೊಮ್ಮೆ ಕುಗ್ಗಿ, ಮೂಲಕ್ಕಿಂತ ಸ್ವಲ್ಪ ಚಿಕ್ಕದಾಗಿರುತ್ತದೆ.